ಮಡದಿಯನ್ನು ಕರೆಸಿಕೊಳ್ಳುವ ಮುನ್ನ

(ಆನಂದಪುರದಲ್ಲಿ ಮಾಡಿದ ಜುಮಾ ಪ್ರವಚನದ ಸಾರಾಂಶ)

 



ಕಳೆದ ಮಳೆಗಾಲದ ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಮಸೀದಿಯ ಬಾಗಿಲು ಹಾಕುತ್ತಿದ್ದೆವು. ಗಲ್ಫ್‌ನಿಂದ ಫೋನ್ ಬಂತು. ಆ ಕಡೆ ಇದ್ದ ಯುವಕ ನಮಗೆ ಚೆನ್ನಾಗಿ ಗೊತ್ತಿದ್ದವನು. ಅವನ ನಿಕಾಹ್ ಓದಿದವರು ನಾವೇ. ಹೆಂಡತಿಯನ್ನು ಅಲ್ಲಿಗೆ ಕರೆಸಿಕೊಂಡು ನಾಲ್ಕು ತಿಂಗಳಾಗಿತ್ತು. "ಹಝ್ರತ್, ದುಆ ಮಾಡಿ" ಎಂದ. ಮುಂದೆ ಮಾತು ಹೊರಡಲಿಲ್ಲ.

ಉಳಿದದ್ದು ಮರುದಿನ ತಿಳಿಯಿತು. ಹುಡುಗಿ ಮೂರು ತಿಂಗಳ ಗರ್ಭಿಣಿ. ರಕ್ತಸ್ರಾವ ಆಗಿ ಖಾಸಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಕೌಂಟರಿನಲ್ಲಿ ಮೊದಲು ಕೇಳಿದ್ದು ವಿಮೆಯ ಕಾರ್ಡ್. ಆಕೆ ಹೋಗಿದ್ದು ವಿಸಿಟ್ ವೀಸಾದಲ್ಲಿ. ಆ ವೀಸಾಕ್ಕೆಂದು ತೆಗೆದುಕೊಂಡಿದ್ದ ಅಗ್ಗದ ಪಾಲಿಸಿಯಲ್ಲಿ ಗರ್ಭಕ್ಕೆ ಸಂಬಂಧಿಸಿದ ಯಾವ ಚಿಕಿತ್ಸೆಯೂ ಸೇರಿರಲಿಲ್ಲ. ನಮ್ಮ ಮಲೆನಾಡಿನ ಹುಡುಗರು ರೂಮಿನಿಂದ ರೂಮಿಗೆ ಹೋಗಿ ಹಣ ಕೂಡಿಸಿದರು. ಅದೂ ಸಾಲದೆ, ಮಹ್ರ್ ಆಗಿ ಕೊಟ್ಟಿದ್ದ ಬಳೆಗಳನ್ನು ಅವಳ ಕೈಯಿಂದ ತೆಗೆಸಿ ಮಾರಿದರು. ಹುಡುಗಿ ಉಳಿದಳು, ಅಲ್‌ಹಮ್ದುಲಿಲ್ಲಾಹ್. ಮಗು ಉಳಿಯಲಿಲ್ಲ.

ಅವರಿಬ್ಬರ ಅನುಮತಿ ಪಡೆದೇ, ಹೆಸರು ಊರು ಹೇಳದೆ, ಇದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ. ಆ ಹುಡುಗನ ತಪ್ಪು ಎತ್ತಿ ತೋರಿಸಲಿಕ್ಕೆ ಅಲ್ಲ. ಇದರಲ್ಲಿ ನಮ್ಮ ತಪ್ಪೂ ಇದೆ. ಹೆಂಡತಿಯನ್ನು ಕರೆಸಿಕೊಳ್ಳುವ ಮುಂಚೆ ಅವನು ನಮಗೆ ಫೋನ್ ಮಾಡಿ, "ಹಝ್ರತ್, ಅವಳಿಗೆ ಇನ್ಶೂರೆನ್ಸ್ ಮಾಡಿಸಬಹುದಾ?" ಎಂದು ಕೇಳಿದ್ದ. ನಾವು ಯಾವುದೋ ಅವಸರದಲ್ಲಿದ್ದೆವು. "ಬೇಡಪ್ಪ, ಅದರಿಂದ ದೂರ ಇರು" ಎಂದು ಒಂದೇ ಮಾತಿನಲ್ಲಿ ಮುಗಿಸಿದೆವು. ಯಾವ ದೇಶ ಎಂದು ಕೇಳಲಿಲ್ಲ. ಅಲ್ಲಿಯ ಕಾನೂನು ಏನು ಎಂದು ಕೇಳಲಿಲ್ಲ. ವಿಮೆ ಇಲ್ಲದಿದ್ದರೆ ಅವಳ ಕಾಯಿಲೆ ಕಸಾಲೆಗೆ ಏನು ಮಾಡುತ್ತೀಯಾ ಎಂದೂ ಕೇಳಲಿಲ್ಲ.

ಮಗುವಿನ ಆಯುಷ್ಯ ಅಲ್ಲಾಹನ ತೀರ್ಮಾನ. ಕಾರ್ಡ್ ಇದ್ದಿದ್ದರೆ ಮಗು ಉಳಿಯುತ್ತಿತ್ತು ಎಂದು ನಾವು ಹೇಳುವುದಿಲ್ಲ. ಆದರೆ ನೋವು ಶುರುವಾದ ಮೇಲೆ ಬಿಲ್ಲಿಗೆ ಹೆದರಿ ಅವರು ಎರಡು ದಿನ ಆಸ್ಪತ್ರೆಗೆ ಹೋಗಲಿಲ್ಲ. ಆ ಎರಡು ದಿನಗಳ ಲೆಕ್ಕ ನಮ್ಮ ಮೇಲೂ ಇದೆ. ಆದ್ದರಿಂದ, ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಎಲ್ಲರ ಎದುರು ಕೊಡುತ್ತಿದ್ದೇವೆ.

ಆಕೆ ಅಲ್ಲಾಹನ ಅಮಾನತ್

ಹಜ್ಜತುಲ್ ವದಾದ ಭಾಷಣದಲ್ಲಿ ಪ್ರವಾದಿ(ಸ)ರು ಸ್ತ್ರೀಯರ ವಿಷಯದಲ್ಲಿ ಅಲ್ಲಾಹನನ್ನು ಭಯಪಡಲು ಹೇಳಿದರು. ನೀವು ಅವರನ್ನು ಅಲ್ಲಾಹನ ಅಮಾನತ್ತಾಗಿ ಪಡೆದಿದ್ದೀರಿ ಎಂದು ಎಚ್ಚರಿಸಿದರು. ಅವರ ಅನ್ನ, ಬಟ್ಟೆ ನಿಮ್ಮ ಹೊಣೆ ಎಂದರು. ನಿಕಾಹ್ ಓದುವಾಗ ನಾವು ಮಹ್ರ್ ಎಷ್ಟು, ಸಾಕ್ಷಿಗಳು ಯಾರು ಎಂದು ಕೇಳುತ್ತೇವೆ. ಮನೆಯವರು ಹಾಲ್ ಯಾವುದು, ಬಿರಿಯಾನಿ ಎಷ್ಟು ಜನಕ್ಕೆ ಎಂದು ಕೇಳುತ್ತಾರೆ. ಅಮಾನತ್ತಿನ ಆರೋಗ್ಯದ ಬಗ್ಗೆ ಯಾರೂ ಕೇಳುವುದಿಲ್ಲ.

ತನ್ನ ಆಶ್ರಯದಲ್ಲಿ ಇರುವವರನ್ನು ಕಡೆಗಣಿಸುವುದೇ ಒಬ್ಬ ಮನುಷ್ಯನ ಪಾಪಕ್ಕೆ ಸಾಕು ಎಂಬ ಅರ್ಥದ ಹದೀಸ್ ಅಬೂದಾವೂದ್‌ನಲ್ಲಿದೆ. ಊರಿನಲ್ಲಿದ್ದಾಗ ಹುಡುಗಿಗೆ ತಾಯಿ ಇದ್ದಾಳೆ, ಅಣ್ಣ ಇದ್ದಾನೆ, ಪಕ್ಕದ ಮನೆಯ ಚಾಚಿ ಇದ್ದಾಳೆ. ಜ್ವರ ಬಂದರೆ ಸಾಗರದ ಆಸ್ಪತ್ರೆ ಇದೆ, ಹೆಚ್ಚಾದರೆ ಶಿವಮೊಗ್ಗದ ಮೆಗ್ಗಾನ್ ಇದೆ, ಇನ್ನೂ ಹೆಚ್ಚಾದರೆ ಮಣಿಪಾಲ ಇದೆ. ಹೊಸ ದೇಶದಲ್ಲಿ ಅವಳಿಗೆ ಯಾರಿದ್ದಾರೆ? ಭಾಷೆ ಬಾರದು, ದಾರಿ ಗೊತ್ತಿಲ್ಲ, ಕೈಯಲ್ಲಿ ಸ್ವಂತ ದುಡ್ಡಿಲ್ಲ. ಗಂಡ ಡ್ಯೂಟಿಯಲ್ಲಿ. ಅಲ್ಲಿ ತಾಯಿ, ಅಣ್ಣ, ಚಾಚಿ ಎಲ್ಲರ ಹೊಣೆಯೂ ಒಬ್ಬ ಗಂಡನ ಮೇಲೆ ಬೀಳುತ್ತದೆ.

ಸೂರಃ ಅತ್ತಲಾಕ್‌ನಲ್ಲಿ ಅಲ್ಲಾಹನು ವಿಚ್ಛೇದಿತ ಸ್ತ್ರೀಯರ ಇದ್ದತ್‌ನ ಬಗ್ಗೆ ಹೇಳುವಾಗ, ನಿಮ್ಮ ಸಾಮರ್ಥ್ಯಕ್ಕೆ ತಕ್ಕಂತೆ ನೀವು ವಾಸಿಸುವ ಕಡೆಯೇ ಅವರಿಗೂ ವಾಸ ಕೊಡಿ, ಅವರಿಗೆ ತೊಂದರೆ ಕೊಡಬೇಡಿ, ಗರ್ಭಿಣಿಯರಾಗಿದ್ದರೆ ಹೆರಿಗೆ ಆಗುವವರೆಗೆ ಅವರಿಗಾಗಿ ಖರ್ಚು ಮಾಡಿ ಎಂದು ಆಜ್ಞಾಪಿಸಿದ್ದಾನೆ. ಸಹೋದರರೇ, ಸ್ವಲ್ಪ ಯೋಚಿಸಿ. ತಲಾಕ್ ಆದವಳ ಗರ್ಭಕ್ಕೇ ಇಷ್ಟು ಹಕ್ಕು ಇದ್ದರೆ, ನಮ್ಮ ಜೊತೆ ಬಾಳಲಿಕ್ಕೆಂದೇ ತವರು ಬಿಟ್ಟು ಸಮುದ್ರ ದಾಟಿ ಬಂದವಳ ಹಕ್ಕು ಎಷ್ಟಿರಬೇಕು?

ಔಷಧದ ಖರ್ಚು ಗಂಡನ ಮೇಲೆ ಕಡ್ಡಾಯವಾದ ನಫಕದಲ್ಲಿ ಸೇರುವುದಿಲ್ಲ ಎಂದು ಹಿಂದಿನ ಫಿಕ್ಹ್ ಗ್ರಂಥಗಳಲ್ಲಿ ಬರೆದಿದೆಯಲ್ಲ ಎಂದು ಓದಿದವರು ಕೇಳಬಹುದು. ಹೌದು, ಹಾಗೆ ಬರೆದವರಿದ್ದಾರೆ. ಅಂದು ಚಿಕಿತ್ಸೆ ಎಂದರೆ ಅಪರೂಪದ ಮಾತು. ಇಂದು ಅದು ಅನ್ನದಷ್ಟೇ ಅಗತ್ಯ. ಸಿರಿಯಾದ ವಹ್ಬಾ ಝುಹೈಲಿ ಅವರಂತಹ ನಮ್ಮ ಕಾಲದ ದೊಡ್ಡ ವಿದ್ವಾಂಸರು ಚಿಕಿತ್ಸೆಯ ಖರ್ಚನ್ನೂ ನಫಕದಲ್ಲೇ ಸೇರಿಸಿದ್ದಾರೆ. ಊಟ ಹಾಕುತ್ತೇನೆ, ಕಾಯಿಲೆಯಾದರೆ ನಿನ್ನ ಅಪ್ಪನ ಮನೆಗೆ ಹೋಗು ಎನ್ನುವುದು ಯಾವ ಬಾಳುವೆ?

ಬದ್ರ್‌ನ ದಿನ ಮನೆಯಲ್ಲಿ ಉಳಿದವರು

ಹಿಜ್‌ರತ್‌ನ ಇತಿಹಾಸ ನೋಡಿ. ಮಕ್ಕಾ ಬಿಟ್ಟು ಮದೀನಾಕ್ಕೆ ಬಂದ ಮುಹಾಜಿರ್‌ಗಳಿಗೆ ಅಲ್ಲಿಯ ಹವೆ ಒಗ್ಗಲಿಲ್ಲ. ಹಝ್ರತ್ ಅಬೂಬಕರ್(ರ) ಮತ್ತು ಹಝ್ರತ್ ಬಿಲಾಲ್(ರ) ಕಠಿಣ ಜ್ವರದಲ್ಲಿ ಮಲಗಿದರು. ಹಝ್ರತ್ ಆಯಿಶಾ(ರ) ಅವರನ್ನು ನೋಡಿ ಬಂದು ಪ್ರವಾದಿ(ಸ)ರಿಗೆ ತಿಳಿಸಿದರು. ಮದೀನಾ ನಮಗೆ ಪ್ರಿಯವಾಗಲಿ, ಅದರ ಹವೆ ಆರೋಗ್ಯಕರವಾಗಲಿ, ಈ ಜ್ವರ ಇಲ್ಲಿಂದ ತೊಲಗಲಿ ಎಂದು ಪ್ರವಾದಿ(ಸ)ರು ದುಆ ಮಾಡಿದರು. ಹೊಸ ನೆಲಕ್ಕೆ ಬಂದವರಿಗೆ ಕಾಯಿಲೆ ಬರುವುದು ಹೊಸದಲ್ಲ. ಬಂದವರ ಆರೋಗ್ಯದ ಚಿಂತೆ ಮಾಡುವುದು ಸುನ್ನತ್.

ಹಝ್ರತ್ ಉಸ್ಮಾನ್(ರ) ಅವರ ಪ್ರಸಂಗ ಇನ್ನೂ ದೊಡ್ಡದು. ಬದ್ರ್ ಯುದ್ಧಕ್ಕೆ ಎಲ್ಲರೂ ಹೊರಟಾಗ ಅವರ ಪತ್ನಿ, ಪ್ರವಾದಿ(ಸ)ರ ಮಗಳು ಹಝ್ರತ್ ರುಕಯ್ಯಾ(ರ) ಹಾಸಿಗೆ ಹಿಡಿದಿದ್ದರು. ಮನೆಯಲ್ಲೇ ಉಳಿದು ಹೆಂಡತಿಯ ಆರೈಕೆ ಮಾಡುವಂತೆ ಪ್ರವಾದಿ(ಸ)ರು ಉಸ್ಮಾನ್‌ರಿಗೆ ಹೇಳಿದರು. ಬದ್ರ್‌ನಲ್ಲಿ ಪಾಲ್ಗೊಂಡವರ ಪುಣ್ಯವೂ ಗನೀಮತ್‌ನ ಪಾಲೂ ಅವರಿಗೆ ಸಿಗುತ್ತದೆ ಎಂದು ಮಾತು ಕೊಟ್ಟರು. ಆ ಕಾಯಿಲೆಯಲ್ಲೇ ರುಕಯ್ಯಾ(ರ) ತೀರಿಕೊಂಡರು. ಆದರೆ ಉಸ್ಮಾನ್(ರ) ಬದ್ರ್‌ನವರ ಲೆಕ್ಕದಲ್ಲೇ ಉಳಿದರು. ಕಾಯಿಲೆ ಬಿದ್ದ ಹೆಂಡತಿಯ ಪಕ್ಕದಲ್ಲಿ ಕೂರುವುದಕ್ಕೆ ನಮ್ಮ ದೀನ್ ಕೊಟ್ಟ ಬೆಲೆ ಇದು. ದೂರದ ದೇಶದಲ್ಲಿ, ರಜೆ ಸಿಗದ ಕೆಲಸದಲ್ಲಿ ಇರುವ ಗಂಡನಿಗೆ ಆ ಸೇವೆಯ ಒಂದು ಭಾಗ ಎಂದರೆ ಅವಳ ಚಿಕಿತ್ಸೆಯ ದಾರಿಯನ್ನು ಮೊದಲೇ ಮಾಡಿಟ್ಟಿರುವುದು.

ವಿಮೆ ಜಾಇಝೇ?

ಈಗ ಆ ಹುಡುಗನ ಪ್ರಶ್ನೆಗೆ ಬರೋಣ.

ವ್ಯಾಪಾರೀ ವಿಮೆಯ ಬಗ್ಗೆ ಉಲಮಾಗಳಿಗೆ ಇರುವ ಆಕ್ಷೇಪ ಸುಳ್ಳಲ್ಲ. ಅದರಲ್ಲಿ ಗರರ್, ಅಂದರೆ ಕೊಡುವುದೆಷ್ಟು ಸಿಗುವುದೆಷ್ಟು ಎಂಬ ಅನಿಶ್ಚಿತತೆ ಇದೆ. ಹಣ ಬಡ್ಡಿಯ ವ್ಯವಹಾರದಲ್ಲಿ ಓಡಾಡುತ್ತದೆ. 1985ರ ಡಿಸೆಂಬರ್‌ನಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯೂ ನಿಗದಿತ ಕಂತಿನ ವ್ಯಾಪಾರೀ ವಿಮೆಯನ್ನು ಒಪ್ಪಲಿಲ್ಲ. ಆದರೆ ಅದೇ ಸಭೆ ಸಹಕಾರಿ ವಿಮೆಯ ದಾರಿಯನ್ನು ತೋರಿಸಿತು. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ, ಕಷ್ಟ ಬಂದವನಿಗೆ ಅದರಿಂದ ಕೊಡುವುದು. ಇದರ ಬೇರು ಹದೀಸ್‌ನಲ್ಲೇ ಇದೆ. ಯಮನ್‌ನ ಅಶ್‌ಅರೀ ಗೋತ್ರದವರು ಪ್ರಯಾಣದಲ್ಲಿ ಆಹಾರ ಕಡಿಮೆಯಾದಾಗ ತಮ್ಮಲ್ಲಿ ಇದ್ದುದನ್ನೆಲ್ಲ ಒಂದೇ ಬಟ್ಟೆಯಲ್ಲಿ ಸುರಿದು ಸಮನಾಗಿ ಹಂಚಿಕೊಳ್ಳುತ್ತಿದ್ದರು. ಅವರನ್ನು ಪ್ರವಾದಿ(ಸ)ರು ತಮ್ಮವರೆಂದು ಹೊಗಳಿದರು.

ಇನ್ನು ಕಾನೂನು ವಿಮೆಯನ್ನು ಕಡ್ಡಾಯ ಮಾಡಿದ ದೇಶದ ಮಾತು ಬೇರೆ. ಅಲ್ಲಿ ಅದು ವೀಸಾದ ಭಾಗ, ಆಸ್ಪತ್ರೆಯ ಬಾಗಿಲಿನ ಬೀಗದಕೈ. ಅಂತಹ ಕಡೆ ವಿಮೆ ಪಡೆಯುವುದಕ್ಕೆ ಅಡ್ಡಿ ಇಲ್ಲ ಎಂಬುದು ನಮ್ಮ ಕಾಲದ ಬಹುತೇಕ ವಿದ್ವಾಂಸರ ಅಭಿಪ್ರಾಯ. ತಕಾಫುಲ್ ಅಥವಾ ಸಹಕಾರಿ ವಿಮೆ ಸಿಗುವ ಕಡೆ ಅದನ್ನೇ ಆರಿಸಿಕೊಳ್ಳಿ. ಸಿಗದಿದ್ದರೆ ಕಾನೂನು ಕೇಳಿದ್ದನ್ನು ಮಾಡಿಸಿ. ಆದರೆ ಹರಾಮ್ ಎಂಬ ಮಾತನ್ನು ನೆಪ ಮಾಡಿಕೊಂಡು ಹೆಂಡತಿಯನ್ನು ರಕ್ಷಣೆ ಇಲ್ಲದೆ ಬಿಡಬೇಡಿ. ಉಳಿಸಿದ ಆ ಹಣದಲ್ಲಿ ಹೊಸ ಫೋನ್ ಕೊಂಡವನು ತಕ್ವಾದಿಂದ ವಿಮೆ ಬಿಟ್ಟೆ ಎಂದರೆ ಅಲ್ಲಾಹನಿಗೆ ಒಳಗಿನದ್ದು ಗೊತ್ತಿಲ್ಲವೇ?

ಎಲ್ಲವೂ ತಕ್‌ದೀರ್, ಆಗುವುದು ಆಗಿಯೇ ಆಗುತ್ತದೆ ಎನ್ನುವವರಿಗೆ ಒಂದು ಮಾತು. ಒಂಟೆಯನ್ನು ಕಟ್ಟಬೇಕೋ, ಬಿಟ್ಟು ಭರವಸೆ ಇಡಬೇಕೋ ಎಂದು ಕೇಳಿದವನಿಗೆ ಪ್ರವಾದಿ(ಸ)ರು ಮೊದಲು ಕಟ್ಟಲು ಹೇಳಿದರು, ಆಮೇಲೆ ತವಕ್ಕುಲ್. ನಾವು ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುತ್ತೇವೆ, ಸೌದೆ ಕೂಡಿಡುತ್ತೇವೆ. ಅದು ತಕ್‌ದೀರ್‌ಗೆ ವಿರುದ್ಧ ಎಂದು ಯಾರೂ ಹೇಳಿದ್ದು ಕೇಳಿಲ್ಲ.

ಯಾವ ದೇಶದಲ್ಲಿ ಏನು?

ಒಂದೊಂದು ದೇಶದ್ದು ಒಂದೊಂದು ನಿಯಮ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರು ಹೆಚ್ಚು ಇರುವ ದೇಶಗಳ ವಿಷಯ ಮೊದಲು ಹೇಳುತ್ತೇವೆ.

ಸೌದಿ ಅರೇಬಿಯಾದಲ್ಲಿ 1999ರಿಂದ ಸಹಕಾರಿ ಆರೋಗ್ಯ ವಿಮೆಯ ಕಾನೂನು ಇದೆ. ಇಕಾಮಾದಲ್ಲಿರುವ ಕೆಲಸಗಾರನಿಗೂ ಅವನ ಅವಲಂಬಿತರಾಗಿ ಇಕಾಮಾ ಪಡೆದ ಕುಟುಂಬಕ್ಕೂ ವಿಮೆ ಮಾಡಿಸುವ ಹೊಣೆಯನ್ನು ಅದು ಉದ್ಯೋಗದಾತನ ಮೇಲೆ ಹಾಕುತ್ತದೆ. ಆದ್ದರಿಂದ ಹೆಂಡತಿಯ ಹೆಸರು ಸೇರಿಸಿ ಎಂದು ಕಂಪೆನಿಯನ್ನು ಕೇಳುವುದು ಭಿಕ್ಷೆ ಅಲ್ಲ, ಹಕ್ಕು. ಆದರೆ ಅಲ್ಲಿ ಇನ್ನೊಂದು ಖರ್ಚಿದೆ. ಅವಲಂಬಿತರ ಮೇಲಿನ ಶುಲ್ಕ 2017ರಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್‌ನಿಂದ ಶುರುವಾಗಿ, ವರ್ಷ ವರ್ಷ ಏರಿ, 2020ರಲ್ಲಿ 400 ರಿಯಾಲ್ ಆಯಿತು. ವರ್ಷಕ್ಕೆ 4,800 ರಿಯಾಲ್. ಇದನ್ನು ತಪ್ಪಿಸಲಿಕ್ಕೆಂದು ಅನೇಕರು ಹೆಂಡತಿಯನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡು ನವೀಕರಿಸುತ್ತಾ ಇರುತ್ತಾರೆ. ವಿಸಿಟ್ ವೀಸಾದ ವಿಮೆ ಮುಖ್ಯವಾಗಿ ತುರ್ತು ಚಿಕಿತ್ಸೆಗೆಂದು ಮಾಡಿದ್ದು. ಬಸುರಿ, ಬಾಣಂತನ, ಥೈರಾಯ್ಡ್, ಸಕ್ಕರೆ ಕಾಯಿಲೆಯ ದಿನನಿತ್ಯದ ಚಿಕಿತ್ಸೆ ಅದರಲ್ಲಿ ಸಿಗುತ್ತದೆ ಎಂದು ಭಾವಿಸಬೇಡಿ. ಪಾಲಿಸಿಯಲ್ಲಿ ಬರೆದಿರುವುದನ್ನು ಓದಿಸಿ ಕೇಳಿ.

ದುಬೈಯಲ್ಲಿ 2013ರ 11ನೇ ಕಾನೂನಿನಂತೆ ಕೆಲಸಗಾರನ ವಿಮೆ ಕಂಪೆನಿಯ ಹೊಣೆ, ಹೆಂಡತಿ ಮಕ್ಕಳ ವಿಮೆ ಅವರ ವೀಸಾಕ್ಕೆ ಸ್ಪಾನ್ಸರ್ ಆದವನ ಹೊಣೆ. ಅಂದರೆ ಗಂಡನದು. ವಿಮೆ ಇಲ್ಲದೆ ವೀಸಾ ಆಗುವುದಿಲ್ಲ. ಕಂಪೆನಿ ತನ್ನ ಕಾರ್ಡ್ ಕೊಟ್ಟಿದೆ ಎಂದರೆ ಹೆಂಡತಿಗೂ ಕೊಟ್ಟಿದೆ ಎಂದು ಅರ್ಥವಲ್ಲ. ಅಲ್ಲಿಯ ಅತಿ ಕಡಿಮೆ ದರದ ಮೂಲ ಪಾಲಿಸಿಗೂ ವರ್ಷಕ್ಕೆ 1,50,000 ದಿರ್‌ಹಮ್‌ವರೆಗಿನ ಮಿತಿ ಇದೆ. ಅದರಲ್ಲಿ ಹೆರಿಗೆಯೂ ಸೇರಿದೆ, ಆದರೆ ಅದಕ್ಕೆ ಬೇರೆ ಮಿತಿ ಇದೆ, ಬಿಲ್ಲಿನ ಒಂದು ಪಾಲನ್ನು ನಾವೇ ಕೊಡಬೇಕು. ಶಾರ್ಜಾ, ಅಜ್ಮಾನ್ ಮೊದಲಾದ ಉಳಿದ ಎಮಿರೇಟ್‌ಗಳಲ್ಲಿ 2025ರ ಜನವರಿ 1ರಿಂದ ಖಾಸಗಿ ಕೆಲಸಗಾರರಿಗೆ, ಮನೆಗೆಲಸದವರಿಗೆ ವಿಮೆ ಕಡ್ಡಾಯವಾಗಿದೆ. ಅದು ಕೆಲಸಗಾರನದು. ಹೆಂಡತಿ ತನ್ನಷ್ಟಕ್ಕೇ ಅದರಲ್ಲಿ ಸೇರುವುದಿಲ್ಲ, ಗಂಡ ಸೇರಿಸಬೇಕು.

ನಮ್ಮ ಓದಿದ ಮಕ್ಕಳು ಈಗ ಬೆಂಗಳೂರಿನಿಂದ ಅಮೆರಿಕ, ಬ್ರಿಟನ್, ಜರ್ಮನಿಗೂ ಹೋಗುತ್ತಿದ್ದಾರೆ. ಅಮೆರಿಕದಲ್ಲಿ ಗಂಡನ ಕಂಪೆನಿಯ ವಿಮೆಗೆ ಹೊಸ ಹೆಂಡತಿಯನ್ನು ಸೇರಿಸಲು ಸಾಮಾನ್ಯವಾಗಿ ಮದುವೆಯಾದ 30 ದಿನಗಳ ಒಳಗೆ ಅರ್ಜಿ ಕೊಡಬೇಕು. ಅವಧಿ ಮೀರಿದರೆ ಮುಂದಿನ ನೋಂದಣಿಯ ಕಾಲದವರೆಗೆ ಕಾಯಬೇಕಾದೀತು. ಮದುವೆ ಇಲ್ಲಿ ಆಗಿ ಹುಡುಗಿ ತಿಂಗಳುಗಳ ನಂತರ ಹೋಗುವುದಾದರೆ, ದಿನ ಯಾವಾಗಿನಿಂದ ಎಣಿಸುತ್ತಾರೆ ಎಂದು ಕಂಪೆನಿಯನ್ನು ಬರಹದಲ್ಲಿ ಕೇಳಿ ಇಟ್ಟುಕೊಳ್ಳಬೇಕು. ಬ್ರಿಟನ್‌ನಲ್ಲಿ ವೀಸಾ ಅರ್ಜಿಯ ಜೊತೆಗೇ ಆರೋಗ್ಯ ಶುಲ್ಕ ಕಟ್ಟಬೇಕು. 2024ರ ಫೆಬ್ರವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ವೀಸಾ ಎಷ್ಟು ವರ್ಷವೋ ಅಷ್ಟು ವರ್ಷದ್ದು ಒಟ್ಟಿಗೆ. ಜರ್ಮನಿಯಲ್ಲಿ ಗಂಡ ಸಾರ್ವಜನಿಕ ವಿಮೆಯಲ್ಲಿದ್ದರೆ, ಸಂಪಾದನೆ ಇಲ್ಲದ ಹೆಂಡತಿಯನ್ನು ಬೇರೆ ಕಂತಿಲ್ಲದೆ ಸೇರಿಸಬಹುದು. ಆದರೆ ಅರ್ಜಿ ಕೊಟ್ಟರೆ ಮಾತ್ರ.

ನಮ್ಮ ಸರ್ಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಾದ ಪಾಸ್‌ಪೋರ್ಟಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಅದು ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ಒಳ್ಳೆಯದೇ. ಆದರೆ ಅದು ದುಡಿಯಲು ಹೋಗುವವನ ವಿಮೆ. ಅವನ ಜೊತೆ ಬಾಳಲು ಹೋಗುವವಳ ಆಸ್ಪತ್ರೆಯ ಕಾರ್ಡ್ ಅಲ್ಲ.

ಕರೆಸಿಕೊಳ್ಳುವ ಮೊದಲು ಮಾಡಬೇಕಾದ್ದು

ಮೊದಲನೆಯದು ಹೆಸರು. ನಿಕಾಹ್‌ನಾಮ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹುಡುಗಿಯ ಹೆಸರು ಅಕ್ಷರ ಅಕ್ಷರ ಒಂದೇ ಇರಲಿ. ಒಂದರಲ್ಲಿ ಬಾನು, ಇನ್ನೊಂದರಲ್ಲಿ ಬೇಗಂ, ಮತ್ತೊಂದರಲ್ಲಿ ಎರಡೂ ಇಲ್ಲ ಎಂದಾದರೆ ಮದುವೆಯ ಪತ್ರ ದೃಢೀಕರಣದಲ್ಲೇ ನಿಲ್ಲುತ್ತದೆ. ಅದು ನಿಂತರೆ ವೀಸಾ ನಿಲ್ಲುತ್ತದೆ, ವೀಸಾ ನಿಂತರೆ ವಿಮೆಯೂ ನಿಲ್ಲುತ್ತದೆ. ನಿಕಾಹ್‌ನ ದಿನ ರಿಜಿಸ್ಟರ್ ಬರೆಯುವಾಗ ಪಾಸ್‌ಪೋರ್ಟ್ ನೋಡಿ ಬರೆಸಿ. ಮಸೀದಿಯ ಪತ್ರದ ಜೊತೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಮದುವೆ ನೋಂದಾಯಿಸಿ. ಪತ್ರಕ್ಕೆ ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯದ ಮುದ್ರೆ, ಎಮಿರೇಟ್ಸ್‌ಗೆ ಹೋಗುವುದಾದರೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಇದಕ್ಕೆ ವಾರಗಳು ಹಿಡಿಯುತ್ತವೆ. ಟಿಕೆಟ್ ತೆಗೆದ ಮೇಲೆ ಓಡಾಡಬೇಡಿ.

ಎರಡನೆಯದು ನಡುವಿನ ದಿನಗಳು. ವಿಮಾನ ಇಳಿದ ದಿನಕ್ಕೂ ಇಕಾಮಾ ಅಥವಾ ರೆಸಿಡೆನ್ಸಿ ಆಗಿ ಕಾರ್ಡ್ ಕೈಗೆ ಬರುವ ದಿನಕ್ಕೂ ನಡುವೆ ಅಂತರ ಇರುತ್ತದೆ. ಕಾಯಿಲೆ ಆ ಅಂತರ ನೋಡಿ ಬರುವುದಿಲ್ಲ. ಆ ದಿನಗಳಿಗೆ ಊರಿನಿಂದ ಹೊರಡುವಾಗಲೇ ಪ್ರಯಾಣ ವಿಮೆ ಇರಲಿ. ಅದರ ಕಾಗದ ಹುಡುಗಿಯ ಕೈಚೀಲದಲ್ಲಿರಲಿ, ಗಂಡನ ಫೋನಿನಲ್ಲಿ ಮಾತ್ರ ಅಲ್ಲ.

ಮೂರನೆಯದು ನಿಜ ಹೇಳುವುದು. ವಿಮೆಯ ಫಾರ್ಮ್‌ನಲ್ಲಿ ಹಳೆಯ ಕಾಯಿಲೆ ಇದೆಯೇ, ಗರ್ಭಿಣಿಯೇ ಎಂದು ಕೇಳುತ್ತಾರೆ. ಕಂತು ಹೆಚ್ಚಾಗುತ್ತದೆಂದು "ಇಲ್ಲ" ಎಂದು ಬರೆಸುವವರಿದ್ದಾರೆ. ಮೋಸ ಮಾಡುವವನು ನಮ್ಮವನಲ್ಲ ಎಂದು ಪ್ರವಾದಿ(ಸ)ರು ಹೇಳಿದ್ದು ಸಂತೆಯಲ್ಲಿ ಒದ್ದೆ ಧಾನ್ಯವನ್ನು ಒಣ ಧಾನ್ಯದ ಕೆಳಗೆ ಬಚ್ಚಿಟ್ಟವನಿಗೆ. ಫಾರ್ಮ್‌ನಲ್ಲಿ ಕಾಯಿಲೆ ಬಚ್ಚಿಡುವುದೂ ಅದೇ ಜಾತಿಯ ಕೆಲಸ. ಆಖಿರತ್ ಇರಲಿ, ದುನಿಯಾದಲ್ಲೂ ಇದರಿಂದ ನಷ್ಟವೇ. ನಾಳೆ ಆಸ್ಪತ್ರೆಯ ದಾಖಲೆಯಲ್ಲಿ ಹಳೆಯ ಕಾಯಿಲೆ ಕಂಡರೆ ಕಂಪೆನಿ ಕೈ ಎತ್ತುತ್ತದೆ. ಹಾಗೆಯೇ ಹುಡುಗಿಯ ಮನೆಯವರು ಅವಳ ಕಾಯಿಲೆಯನ್ನು ಗಂಡನ ಮನೆಯವರಿಂದ ಮುಚ್ಚಿಟ್ಟು ಕಳಿಸಬೇಡಿ. ಹಳೆಯ ಕಾಯಿಲೆಗೆ ಮೊದಲ ಕೆಲವು ತಿಂಗಳು ಹಣ ಕೊಡದ ಪಾಲಿಸಿಗಳಿವೆ. ಗೊತ್ತಿದ್ದರೆ ಮಾತ್ರೆಗಳನ್ನು ವೈದ್ಯರ ಚೀಟಿಯ ಜೊತೆ ಕಳಿಸಬಹುದು, ಆ ತಿಂಗಳುಗಳ ಖರ್ಚನ್ನು ತೆಗೆದಿಡಬಹುದು. ಮಾತ್ರೆ ಕಳಿಸುವ ಮೊದಲು ಆ ದೇಶದಲ್ಲಿ ಅದಕ್ಕೆ ಅನುಮತಿ ಇದೆಯೇ ಎಂದೂ ವಿಚಾರಿಸಿ.

ನಾಲ್ಕನೆಯದು ಹುಡುಗಿಗೆ ಕಲಿಸುವುದು. ಕಾರ್ಡ್ ಅವಳ ಹತ್ತಿರವೇ ಇರಲಿ. ಯಾವ ಆಸ್ಪತ್ರೆ ಆ ಕಾರ್ಡಿಗೆ ಸೇರಿದ್ದು, ತುರ್ತಿಗೆ ಯಾವ ನಂಬರ್, ಪಕ್ಕದಲ್ಲಿ ಕನ್ನಡ ಅಥವಾ ಉರ್ದು ಬಲ್ಲ ಹೆಂಗಸು ಯಾರು ಎಂದು ಮೊದಲ ವಾರದಲ್ಲೇ ತೋರಿಸಿ. ಗಂಡ ಡ್ಯೂಟಿಯಲ್ಲಿದ್ದಾಗ ಅವಳೇ ಹೋಗಬೇಕಾಗಬಹುದು. ಅನುಮತಿಗಾಗಿ ಕಾಯುತ್ತಾ ನೋವು ನುಂಗಿ ಕೂರುವಂತೆ ಮಾಡಬೇಡಿ.

ಐದನೆಯದು ಶಕ್ತಿಯ ಲೆಕ್ಕ. ಬಾಡಿಗೆ, ವೀಸಾ ಶುಲ್ಕ, ವಿಮೆ, ತಿಂಗಳ ಖರ್ಚು ಬರೆದು ಕೂಡಿಸಿ. ಸಾಲದಿದ್ದರೆ ಈಗ ಕರೆಸಿಕೊಳ್ಳದಿರುವುದು ಅವಮಾನವಲ್ಲ. ಅಲ್ಲಾಹನು ಯಾರ ಮೇಲೂ ತಾನು ಕೊಟ್ಟದ್ದಕ್ಕಿಂತ ಹೆಚ್ಚಿನ ಭಾರ ಹೊರಿಸುವುದಿಲ್ಲ. ಆದರೆ ಅದರ ಹೆಸರಿನಲ್ಲಿ ವರ್ಷಗಟ್ಟಲೆ ಅವಳನ್ನು ಅತ್ತೆ ಮನೆಯಲ್ಲಿ ಒಂಟಿಯಾಗಿ ಬಿಡುವುದೂ ಸರಿಯಲ್ಲ. ಇಬ್ಬರೂ ಕೂತು ಮಾತಾಡಿ ತೀರ್ಮಾನಿಸಿ. ಅಲ್ಲಿ ಹೋಗಿ ಸಿಕ್ಕಿಬಿದ್ದವರು ಭಾರತದ ರಾಯಭಾರ ಕಚೇರಿಗೆ ತಿಳಿಸಬೇಕು. ಕಷ್ಟದಲ್ಲಿರುವ ಭಾರತೀಯರ ತುರ್ತು ಚಿಕಿತ್ಸೆ ಮೊದಲಾದವಕ್ಕೆಂದು 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಲ್ಲಿದೆ. ನಾಚಿಕೆಯಿಂದ ಸುಮ್ಮನಿರಬೇಡಿ.

ಬಳೆಗಳ ಮಾತು

ಮಹ್ರ್ ಹೆಣ್ಣಿನ ಸ್ವಂತ ಆಸ್ತಿ. ಅವಳು ಮನಸಾರೆ ಬಿಟ್ಟುಕೊಟ್ಟದ್ದನ್ನು ಮಾತ್ರ ಗಂಡ ಬಳಸಬಹುದು ಎಂದು ಸೂರಃ ಅನ್ನಿಸಾದಲ್ಲಿ ಅಲ್ಲಾಹನು ಮಿತಿ ಹಾಕಿದ್ದಾನೆ. ಆಸ್ಪತ್ರೆಯ ಕೌಂಟರಿನ ಮುಂದೆ, ನೋವಿನಲ್ಲಿ ಇರುವವಳ ಕೈಯಿಂದ ತೆಗೆಸಿದ ಬಳೆಗೆ ಮನಸಾರೆ ಎನ್ನಲು ನಮಗೆ ಧೈರ್ಯ ಬರುವುದಿಲ್ಲ. ಆ ಹುಡುಗನಿಗೆ ನಾವು ಹೇಳಿದ್ದು ಇಷ್ಟೇ: ಆ ಬಳೆಗಳು ನಿನ್ನ ಮೇಲಿನ ಸಾಲ, ಬರೆದಿಡು, ತೀರಿಸು. ಅವನು ಒಪ್ಪಿದ್ದಾನೆ. ಒಂದು ಬಳೆ ಮರಳಿ ಬಂದಿದೆ. ಈಗ ಅವಳಿಗೆ ಅಲ್ಲಿಯ ರೆಸಿಡೆನ್ಸಿಯೂ ಆಗಿದೆ, ಕಾರ್ಡೂ ಬಂದಿದೆ.

ನಮ್ಮ ಮನೆಗೆ ಬಂದ ಸೊಸೆ

ಗಲ್ಫ್‌ಗೆ ಯಾರನ್ನೂ ಕಳಿಸದವರು ಇದು ನಮಗಲ್ಲ ಎಂದುಕೊಳ್ಳಬೇಡಿ. ರಿಪ್ಪನ್‌ಪೇಟೆಯಿಂದ, ತೀರ್ಥಹಳ್ಳಿಯಿಂದ, ಸೊರಬದಿಂದ ಆನಂದಪುರಕ್ಕೆ ಸೊಸೆಯಾಗಿ ಬಂದವಳೂ ತವರು ಬಿಟ್ಟು ಬಂದವಳೇ. ನಮ್ಮಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇಕಡಾ 30ರಷ್ಟನ್ನು ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಇದಕ್ಕೆ ಆಧಾರ್ ಮತ್ತು ರೇಷನ್ ಕಾರ್ಡ್ ಬೇಕು. ಮದುವೆಯಾಗಿ ಎರಡು ಮೂರು ವರ್ಷವಾದರೂ ತವರಿನ ಕಾರ್ಡಿನಿಂದ ಹೆಸರು ತೆಗೆಸದೆ, ಗಂಡನ ಮನೆಯ ಕಾರ್ಡಿಗೆ ಸೇರಿಸದೆ ಬಿಟ್ಟ ಸೊಸೆಯರು ನಮ್ಮ ಮೊಹಲ್ಲಾದಲ್ಲೇ ಇದ್ದಾರೆ. ಹೆರಿಗೆ ನೋವು ಶುರುವಾದಾಗ ಯಾವ ಕಾರ್ಡ್ ಎಂದು ಹುಡುಕುವುದಕ್ಕಿಂತ ಇವತ್ತು ಅಸರ್ ಆದ ಮೇಲೆ ಗ್ರಾಮ ಒನ್‌ಗೆ ಹೋಗಿ ವಿಚಾರಿಸಿ.

ನಮ್ಮ ತೀರ್ಮಾನ

ನಿಮ್ಮಲ್ಲಿ ಪ್ರತಿಯೊಬ್ಬನೂ ಕುರುಬನಂತೆ ಹೊಣೆಗಾರ, ತನ್ನ ಹಿಂಡಿನ ಬಗ್ಗೆ ಪ್ರತಿಯೊಬ್ಬನಿಗೂ ಪ್ರಶ್ನೆ ಇದೆ ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಇಮಾಮನಿಗೂ ಆ ಪ್ರಶ್ನೆ ಇದೆ. ಆದ್ದರಿಂದ ಇನ್ನು ಮುಂದೆ ಪರದೇಶದಲ್ಲಿ ಕೆಲಸದಲ್ಲಿರುವ ಹುಡುಗನ ನಿಕಾಹ್ ಓದುವ ಮೊದಲು ಒಂದು ಪ್ರಶ್ನೆ ಕೇಳುತ್ತೇವೆ: ಇವಳನ್ನು ಕರೆಸಿಕೊಂಡರೆ ಇವಳ ಚಿಕಿತ್ಸೆಯ ವ್ಯವಸ್ಥೆ ಏನು? ಹೆಣ್ಣಿನ ತಂದೆಯಂದಿರೇ, ನೀವೂ ಕೇಳಿ. ಹುಡುಗನ ಸಂಬಳ ಎಷ್ಟು ಎಂದು ಕೇಳಲು ಇಲ್ಲದ ಸಂಕೋಚ ಇದಕ್ಕೇಕೆ? ಗಲ್ಫ್‌ನಲ್ಲಿ ವರ್ಷಗಟ್ಟಲೆ ಇದ್ದು ಊರಿಗೆ ಮರಳಿದ ಹಿರಿಯರೇ, ಕಾಗದಪತ್ರದ ದಾರಿ ನಿಮಗೆ ಗೊತ್ತು. ತಿಂಗಳಲ್ಲಿ ಒಂದು ಜುಮಾದ ನಂತರ ಅರ್ಧ ಗಂಟೆ ಇಲ್ಲಿ ಕೂತು ಹೊಸಬರಿಗೆ ತಿಳಿಸಿಕೊಡಿ. ಅದು ನಿಮ್ಮ ಸದಕಾ.

ಮತ್ತೆ, ಯಾರಾದರೂ ಫೋನ್ ಮಾಡಿ ಮಸ್‌ಅಲಾ ಕೇಳಿದರೆ ನಾವು ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ. ಎಲ್ಲಿದ್ದೀಯಾ, ಜೊತೆಯಲ್ಲಿ ಯಾರಿದ್ದಾರೆ, ಅಲ್ಲಿಯ ಕಾನೂನು ಏನು ಎಂದು ಮೊದಲು ಕೇಳುತ್ತೇವೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇವೆ, ತಿಳಿದವರನ್ನು ಕೇಳಿ ಹೇಳುತ್ತೇವೆ.

ಯಾ ಅಲ್ಲಾಹ್, ಪರದೇಶದಲ್ಲಿರುವ ನಮ್ಮ ಮಕ್ಕಳನ್ನು, ಅವರನ್ನು ನಂಬಿ ಹೋದ ನಮ್ಮ ಹೆಣ್ಣುಮಕ್ಕಳನ್ನು ಕಾಪಾಡು. ಕಾಯಿಲೆ ಬಿದ್ದವರಿಗೆ ಶಿಫಾ ಕೊಡು. ನಮ್ಮ ಕೈಗೆ ಒಪ್ಪಿಸಿದ ಅಮಾನತ್ತುಗಳನ್ನು ನೋಡಿಕೊಳ್ಳುವ ತೌಫೀಕ್ ಕೊಡು. ನಮ್ಮ ಅವಸರದ ಮಾತುಗಳಿಂದ ಯಾರಿಗೆ ನೋವಾಗಿದೆಯೋ ಅವರ ಮನಸ್ಸನ್ನು ತಿಳಿಯಾಗಿಸು, ನಮ್ಮನ್ನು ಕ್ಷಮಿಸು. ಆ ತಾಯಿಗೆ ಒಳ್ಳೆಯ ಸಂತಾನ ಕೊಡು. ಆಮೀನ್.